ಮಗಳ ಕುಂಡಕ್ಕೆ ಕದ್ದು ನೀರು ಹಾಕಬೇಡಿ

ನಮಸ್ಕಾರ. ಎಂಟು ವರ್ಷದ ಮಗಳು ಆಸೆಪಟ್ಟು ಟೊಮೆಟೊ ಬೀಜ ಹಾಕಿದಳು, ನಾಲ್ಕು ದಿನ ನೀರೆರೆದಳು, ಆಮೇಲೆ ಅತ್ತ ಸುಳಿಯಲೂ ಇಲ್ಲ ಎಂದು ಬರೆದಿದ್ದೀರಿ. ಈಗ ಅವಳಿಗೆ ಗೊತ್ತಾಗದಂತೆ ನೀವೇ ನೀರು ಹಾಕುತ್ತಿದ್ದೀರಿ. ಗದರಿಸಿ ಮಾಡಿಸುವುದೋ, ಬಿಟ್ಟುಬಿಡುವುದೋ ಎಂಬುದು ನಿಮ್ಮ ಪ್ರಶ್ನೆ. ಎರಡೂ ಬೇಡ. ಆದರೆ ಕದ್ದು ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಮಗನಿಗೆ ಏಳು ವರ್ಷವಿದ್ದಾಗ ಅವನ ಸೂರ್ಯಕಾಂತಿ ಸಸಿ ಒಣಗಿಹೋಯಿತು. ಅವನು ಅಳುತ್ತಾನೆಂದು ಹೆದರಿ, ಅವನು ಮಲಗಿದ ಮೇಲೆ ಅದೇ ಎತ್ತರದ ಬೇರೊಂದು ಸಸಿಯನ್ನು ತಂದು ನೆಟ್ಟೆ. ಬೆಳಿಗ್ಗೆ ಅವನು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ತುಂಬ ಹೊತ್ತು ನೋಡಿದ. "ನನ್ನ ಗಿಡದ ಒಂದು ಎಲೆಯ ತುದಿಯನ್ನು ಹುಳು ತಿಂದಿತ್ತು. ಇದು ನನ್ನದಲ್ಲ" ಎಂದ. ಮತ್ತೆ ಅದನ್ನು ಮುಟ್ಟಲಿಲ್ಲ. ಅವನು ನೋಡುತ್ತಲೇ ಇಲ್ಲ ಎಂದುಕೊಂಡಿದ್ದೆ. ಎಲೆಯ ತುದಿಯವರೆಗೂ ನೋಡಿದ್ದ. ಸತ್ತ ಗಿಡವನ್ನು ಹಾಗೇ ಬಿಟ್ಟಿದ್ದರೆ ಒಂದು ದಿನ ಅಳುತ್ತಿದ್ದ, ಇನ್ನೊಂದು ಬೀಜ ಹಾಕುತ್ತಿದ್ದ.

ಮಗಳ ಉತ್ಸಾಹ ಇಳಿದದ್ದಕ್ಕೆ ಅವಳ ಸ್ವಭಾವವನ್ನು ದೂರಬೇಡಿ. ಟೊಮೆಟೊ ಬೀಜದಿಂದ ಹಣ್ಣಿನವರೆಗೆ ಬರಲು ಮೂರು ತಿಂಗಳಾದರೂ ಬೇಕು. ಆ ವಯಸ್ಸಿಗೆ ಅದು ಯುಗ. ಮೂಲಂಗಿಯಿಂದ ಶುರುಮಾಡಿ. ಮೂರರಿಂದ ಐದು ದಿನಕ್ಕೆ ಮೊಳಕೆ ಕಾಣುತ್ತದೆ, ಬೇಗ ಬೆಳೆಯುವ ಸಣ್ಣ ತಳಿಯಾದರೆ ಒಂದು ತಿಂಗಳ ಆಸುಪಾಸಿನಲ್ಲಿ ಕೀಳಬಹುದು. ಒಂದು ಗೇಣು ಆಳದ ಕುಂಡ ಸಾಕು, ತಳದಲ್ಲಿ ನೀರು ಬಸಿಯುವ ತೂತುಗಳಿರಲಿ. ಬೀಜ ಒಂದು ಸೆಂಟಿಮೀಟರ್ ಆಳದಲ್ಲಿದ್ದರೆ ಚೆನ್ನ.

ಮೂಲಂಗಿಯನ್ನೇ ಹೇಳಲು ಇನ್ನೊಂದು ಕಾರಣವಿದೆ. ಮಕ್ಕಳು ಬೀಜವನ್ನು ಎಣಿಸಿ ಹಾಕುವುದಿಲ್ಲ, ಹಿಡಿಯಲ್ಲಿ ಸುರಿಯುತ್ತಾರೆ. ಸುರಿಯಲಿ. ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಎರಡು ಅಂಗುಲಕ್ಕೊಂದು ಉಳಿಸಿ ಮಿಕ್ಕವನ್ನು ಕೀಳಬೇಕು ಎಂದಾಗ ಮಗುವಿಗೆ ಕರುಳು ಚುರುಕ್ಕೆನ್ನುತ್ತದೆ: ಬದುಕಿರುವುದನ್ನು ಏಕೆ ಕೀಳಬೇಕು? ಅಲ್ಲಿ ವಾದ ಮಾಡಲು ಹೋಗಬೇಡಿ. ಕುಂಡದ ನಡುವೆ ಕಡ್ಡಿಯಿಂದ ಒಂದು ಗೆರೆ ಎಳೆಯಿರಿ. ಅರ್ಧ ಭಾಗದಲ್ಲಿ ಮಾತ್ರ ಬಿಡಿಸೋಣ, ಇನ್ನರ್ಧ ನಿನ್ನ ಇಷ್ಟದಂತೆ ಇರಲಿ ಎನ್ನಿ. ಕೀಳುವ ದಿನ ಎರಡೂ ಕಡೆಯದನ್ನು ಅಕ್ಕಪಕ್ಕ ಇಟ್ಟು ನೋಡಲಿ. ಒತ್ತೊತ್ತಾಗಿದ್ದ ಕಡೆ ಬರೀ ಸೊಪ್ಪು, ಕೆಳಗೆ ದಾರದಂಥ ಬೇರು; ಜಾಗ ಸಿಕ್ಕ ಕಡೆ ಗಡ್ಡೆ. ಆ ಹೊತ್ತು ನೀವು ಏನೂ ವಿವರಿಸಬೇಡಿ, ಅವಳೇ ಹೇಳುತ್ತಾಳೆ. ನಮ್ಮಲ್ಲಿ ಮಗ ಮುಂದಿನ ಸಲ ಬೀಜಗಳನ್ನು ಒಂದೊಂದಾಗಿ ಎಣಿಸಿ, ಬೆರಳಿನಿಂದ ಅಂತರ ಅಳೆದು ಹಾಕಿದ. ನಾನು ಹೇಳಿಕೊಟ್ಟಿರಲಿಲ್ಲ.

ಮೊಳಕೆ ಬರುವ ಮೊದಲು ಬೀಜವನ್ನು ಅಗೆದು ಅಗೆದು ನೋಡುವ ಮಕ್ಕಳಿರುತ್ತಾರೆ. ಅದು ತುಂಟತನವಲ್ಲ, ಒಳಗೆ ಏನಾಗುತ್ತಿದೆ ಎಂಬ ಕುತೂಹಲ. ಅವರಿಗೆ ಗಾಜಿನ ಲೋಟವೇ ಸರಿ. ಲೋಟದ ಒಳಗೋಡೆಗೆ ಒದ್ದೆ ಬಟ್ಟೆಯನ್ನು ಅಂಟಿಸಿ, ರಾತ್ರಿಯಿಡೀ ನೆನೆಸಿದ ಹುರುಳಿಕಾಯಿ ಬೀಜವನ್ನು ಬಟ್ಟೆಗೂ ಗಾಜಿಗೂ ನಡುವೆ ಸಿಕ್ಕಿಸಿ. ತಳದಲ್ಲಿ ಸ್ವಲ್ಪ ನೀರಿರಲಿ, ಬೀಜ ಮುಳುಗಬಾರದು. ಮೊದಲು ಬೇರು ಬರುತ್ತದೆ, ಕೆಳಕ್ಕೇ ಇಳಿಯುತ್ತದೆ. ಅದು ಒಂದು ಅಂಗುಲ ಬೆಳೆದ ಮೇಲೆ ನೀರು ಬಸಿದು, ಬಟ್ಟೆ ಒದ್ದೆಯಾಗಿರುವಂತೆಯೇ ಲೋಟವನ್ನು ಅಡ್ಡ ಮಲಗಿಸಿ. ಒಂದೆರಡು ದಿನದಲ್ಲಿ ಬೇರಿನ ತುದಿ ಮತ್ತೆ ನೆಲದತ್ತ ಬಾಗಿರುತ್ತದೆ. ಕತ್ತಲೆಯ ಕಪಾಟಿನಲ್ಲಿಟ್ಟರೂ ಬಾಗುತ್ತದೆ. ಬೇರಿಗೆ ಕೆಳಗೆ ಯಾವುದು ಎಂದು ಹೇಳುವುದು ಗುರುತ್ವಾಕರ್ಷಣೆ, ಬೆಳಕಲ್ಲ. ಇದನ್ನು ಮೊದಲ ಸಲ ಕಂಡ ಮಗುವಿನ ಮುಖವನ್ನು ನೀವು ನೋಡಲೇಬೇಕು.

ನೀರಿನ ವಿಷಯಕ್ಕೆ ಬರೋಣ. "ನೀರು ಹಾಕಿದೆಯಾ?" ಎಂದು ಕೇಳಿದರೆ ಅದು ವಿಚಾರಣೆ. "ಮಣ್ಣು ಹೇಗಿದೆ?" ಎಂದು ಕೇಳಿ. ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ತೇವವಿದ್ದರೆ ಬೇಡ, ಒಣಗಿದ್ದರೆ ಹಾಕು. ಇಷ್ಟು ಕಲಿತರೆ ತೀರ್ಮಾನ ಅವಳದಾಗುತ್ತದೆ. ಮಕ್ಕಳ ಕೈಯಲ್ಲಿ ಗಿಡ ಒಣಗಿ ಸಾಯುವುದಕ್ಕಿಂತ ಕೊಳೆತು ಸಾಯುವುದನ್ನೇ ನಾನು ಹೆಚ್ಚು ಕಂಡಿದ್ದೇನೆ. ಬೇರಿಗೂ ಗಾಳಿ ಬೇಕು. ಶಾಲೆಗೆ ಹೊರಡುವ ಮುನ್ನ ಶೂ ಹಾಕಿಕೊಳ್ಳುವ ಜಾಗದ ಹತ್ತಿರ, ಬಿಸಿಲು ಬೀಳುವ ಕಡೆ ಕುಂಡವಿದ್ದರೆ ನೆನಪಿಸುವ ಅಗತ್ಯವೇ ಬರುವುದಿಲ್ಲ. ಹಿತ್ತಲಿನ ಮೂಲೆಯಲ್ಲಿಟ್ಟರೆ ದೊಡ್ಡವರೂ ಮರೆಯುತ್ತೇವೆ.

ಬರೆದಿಡು ಎಂದು ಒತ್ತಾಯಿಸಿದರೆ ಅದು ಮತ್ತೊಂದು ಹೋಂವರ್ಕ್ ಆಗುತ್ತದೆ. ಅದರ ಬದಲು ಎರಡು ದಿನಕ್ಕೊಮ್ಮೆ ಹುರುಳಿಕಾಯಿ ಗಿಡದ ಎತ್ತರಕ್ಕೆ ದಾರ ಕತ್ತರಿಸಿ, ಹಾಳೆಯ ಮೇಲೆ ಸಾಲಾಗಿ ಅಂಟಿಸಲಿ. ಮೂರು ವಾರದಲ್ಲಿ ಅದೇ ಒಂದು ನಕ್ಷೆಯಾಗಿರುತ್ತದೆ.

ಒಂದು ಎಚ್ಚರಿಕೆ. ಗುಲಾಬಿ, ಕೆಂಪು, ನೀಲಿ ಬಣ್ಣ ಬಳಿದಂತಿರುವ ಬೀಜಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಅವು ಸಾಮಾನ್ಯವಾಗಿ ಶಿಲೀಂಧ್ರನಾಶಕ ಲೇಪಿಸಿದವು. ಮಣ್ಣು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ.

ಇನ್ನು ಈಗಿರುವ ಟೊಮೆಟೊ ಗಿಡ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಷ್ಟು ದಿನ ನಾನೇ ನೀರು ಹಾಕುತ್ತಿದ್ದೆ ಎಂದು ನೇರವಾಗಿ ಹೇಳಿಬಿಡಿ. ಈ ಗಿಡ ನಿನಗೆ ಬೇಕೋ, ನನಗೆ ಕೊಡುತ್ತೀಯೋ ಎಂದು ಕೇಳಿ. ಕೊಟ್ಟರೆ ಸಂತೋಷದಿಂದ ತೆಗೆದುಕೊಂಡು ನಿಮ್ಮದೆಂದೇ ಬೆಳೆಸಿ, ಅವಳಿಗೆ ಖಾಲಿ ಕುಂಡ ಕೊಡಿ. ಬೇಕು ಎಂದರೆ ನೀರಿನ ಚೆಂಬನ್ನು ಅವಳ ಕೈಗಿಟ್ಟು ಎದ್ದು ಬನ್ನಿ.