ಇನ್ಕೊನೆಲ್ ಟರ್ನಿಂಗ್‌ಗೆ ಲೇಸರ್ ಬಿಸಿ ಬೇಕೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಸಿಎನ್‌ಸಿ ವರ್ಕ್‌ಶಾಪ್ ಇದೆ. ಇನ್ಕೊನೆಲ್ 718 ಎಂಬ ನಿಕಲ್ ಮಿಶ್ರಲೋಹದ ರಿಂಗ್‌ಗಳ ಆರ್ಡರ್ ಬಂದಿದೆ. ಟೂಲ್ ತುದಿಗೆ ಹಾಕುವ ಕಾರ್ಬೈಡ್ ಇನ್ಸರ್ಟ್‌ಗಳು (ಕತ್ತರಿಸುವ ಚೂರುಗಳು) ಬೇಗ ಹೋಗುತ್ತಿವೆ, ಅಂಚಿನಲ್ಲಿ ನಾಚ್ (ಕಚ್ಚು) ಬೀಳುತ್ತಿದೆ. ಟೂಲ್‌ನ ಮುಂದೆ ಲೇಸರ್‌ನಿಂದ ಬಿಸಿ ಮಾಡಿದರೆ ಲೋಹ ಮೆತ್ತಗಾಗುತ್ತದೆ ಎಂದು ಓದಿದೆ. ಹಳೆಯ ಫೈಬರ್ ಲೇಸರ್ ಸೋರ್ಸ್ (ಲೇಸರ್ ಬೆಳಕು ಹುಟ್ಟಿಸುವ ಘಟಕ) ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಲೇತ್‌ಗೆ ಜೋಡಿಸಬಹುದಾ ಸರ್?

ಉತ್ತರ: ನೀವು ಓದಿದ್ದು ಸರಿ. ಆದರೆ ಆ ಸೋರ್ಸ್ ಕೊಳ್ಳಬೇಡಿ.

718ರ ಕಷ್ಟ ಇರುವುದೇ ಅದರ ಗುಣದಲ್ಲಿ. ಸುಮಾರು 650 ಡಿಗ್ರಿ ಸೆಲ್ಸಿಯಸ್‌ವರೆಗೂ ಅದು ಹೆಚ್ಚಿನಂಶ ಬಲ ಉಳಿಸಿಕೊಳ್ಳುತ್ತದೆ. ಜೆಟ್ ಎಂಜಿನ್‌ಗೆ ಅದನ್ನು ಬಳಸುವುದೂ ಇದಕ್ಕೇ. 700 ದಾಟಿದ ಮೇಲೆ ಬಲ ಬೇಗ ಇಳಿಯುತ್ತದೆ. ಕಟಿಂಗ್‌ನಲ್ಲೇ ಬಿಸಿ ಹುಟ್ಟುತ್ತದಲ್ವಾ, ಮತ್ತೆ ಲೇಸರ್ ಯಾಕೆ ಎಂದು ಕೇಳಬಹುದು. ಆ ಬಿಸಿ ಹುಟ್ಟುವುದು ಟೂಲ್ ತುದಿಯಲ್ಲಿ. ಈ ಲೋಹ ಶಾಖವನ್ನು ಸಾದಾ ಉಕ್ಕಿನ ಕಾಲು ಭಾಗದಷ್ಟು ಮಾತ್ರ ಸಾಗಿಸುತ್ತದೆ. ಹಾಗಾಗಿ ಬಿಸಿ ತುದಿಯಲ್ಲೇ ನಿಂತು ಇನ್ಸರ್ಟ್ ಅನ್ನು ತಿನ್ನುತ್ತದೆ. ಲೇಸರ್‌ನ ಕೆಲಸ ಬೇರೆ. ಟೂಲ್ ಬರುವ ಮೊದಲೇ, ಕತ್ತರಿಸಿ ತೆಗೆಯಬೇಕಾದ ಪದರವನ್ನು ಮಾತ್ರ ಮೆತ್ತಗೆ ಮಾಡುವುದು.

ಆ 'ಮಾತ್ರ' ಎನ್ನುವುದೇ ಕಷ್ಟದ ಭಾಗ. ನಿಮಿಷಕ್ಕೆ 60 ಮೀಟರ್ ವೇಗದಲ್ಲಿ ಜಾಬ್‌ನ (ತಿರುಗುವ ರಿಂಗ್‌ನ) ಮೇಲ್ಮೈ ಸೆಕೆಂಡಿಗೆ ಒಂದು ಮೀಟರ್ ಓಡುತ್ತದೆ. ಲೇಸರ್ ಬೀಳುವ ಜಾಗ ಟೂಲ್‌ಗಿಂತ 80 ಮಿಲಿಮೀಟರ್ ಮುಂದಿದ್ದರೆ ಶಾಖ ಒಳಗಿಳಿಯಲು ಸಿಗುವುದು 0.08 ಸೆಕೆಂಡ್. ತೀರಾ ಹತ್ತಿರ ಇಟ್ಟರೆ ತೊಗಲು ಮಾತ್ರ ಕಾಯುತ್ತದೆ, ಕೆಳಗೆ ಗಟ್ಟಿಯೇ ಉಳಿಯುತ್ತದೆ. ದೂರ ಇಟ್ಟರೆ ಬಿಸಿ ಆಳಕ್ಕೆ ಹೋಗಿ, ಉಳಿಯಬೇಕಾದ ಲೋಹವೂ ಕಾಯುತ್ತದೆ. 718ಕ್ಕೆ ಬಲ ಕೊಡುವ ಏಜಿಂಗ್ (ಬಿಸಿಯಲ್ಲಿಟ್ಟು ಗಟ್ಟಿ ಮಾಡುವ ಕ್ರಮ) ನಡೆಯುವುದೂ 620ರಿಂದ 720 ಡಿಗ್ರಿಯ ಆಸುಪಾಸಿನಲ್ಲೇ. ಅದಕ್ಕೂ ಜಾಸ್ತಿ ಕಾದ ಪದರ ಜಾಬ್‌ನಲ್ಲಿ ಉಳಿಯಬಾರದು. ಅಳತೆಯೂ ಕೆಡುತ್ತದೆ. 100 ಮಿಲಿಮೀಟರ್ ವ್ಯಾಸದ ರಿಂಗ್ ಇಡಿಯಾಗಿ 100 ಡಿಗ್ರಿ ಬಿಸಿಯಾದರೆ ಸುಮಾರು 0.13 ಮಿಲಿಮೀಟರ್ ಹಿಗ್ಗುತ್ತದೆ. ಗ್ಯಾಸ್ ಟಾರ್ಚ್ ಹಿಡಿದು ಬಿಸಿ ಮಾಡುವವರಿಗೆ ಇದೇ ಮಾತು ಒತ್ತಿ ಹೇಳುತ್ತೇನೆ.

ಇನ್ನು ಆ ಸೋರ್ಸ್. ಲೋಹ ಕತ್ತರಿಸುವ ಲೇಸರ್ ಮಷಿನ್‌ನ ಹೆಡ್ ಬೆಳಕನ್ನು ಕೂದಲೆಳೆಯಷ್ಟು ಸಣ್ಣ ಚುಕ್ಕೆಗೆ ಕೂಡಿಸುತ್ತದೆ. ನಿಮಗೆ ಬೇಕಿರುವುದು ಕೆಲವು ಮಿಲಿಮೀಟರ್ ಅಗಲದ ಹದವಾದ ಬಿಸಿ, ಅಂದರೆ ಬೇರೆಯದೇ ಆಪ್ಟಿಕ್ಸ್. ಸ್ಪಿಂಡಲ್ ನಿಂತರೆ ಆ ಕ್ಷಣವೇ ಲೇಸರ್ ನಿಲ್ಲಬೇಕು, ಇಲ್ಲದಿದ್ದರೆ ಒಂದೇ ಜಾಗ ಕರಗಿಹೋಗುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಕಣ್ಣಿನದು. ಈ ಬೆಳಕು ಸುಮಾರು 1.07 ಮೈಕ್ರಾನ್ ತರಂಗದ್ದು, ಕಣ್ಣಿಗೆ ಕಾಣುವುದಿಲ್ಲ. ಟರ್ನ್ ಆದ ಹೊಳೆಯುವ ಮೇಲ್ಮೈ ಅದನ್ನು ಎತ್ತ ಬೇಕಾದರೂ ಎಸೆಯುತ್ತದೆ. ಲೇತ್ ಬಾಗಿಲಿನ ಸಾದಾ ಗಾಜಾಗಲಿ ಪಾಲಿಕಾರ್ಬೊನೇಟ್ ಆಗಲಿ ಅದನ್ನು ತಡೆಯುವುದಿಲ್ಲ. ಪಕ್ಕದ ಮಷಿನ್‌ನಲ್ಲಿ ನಿಂತ ಹುಡುಗನ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಪೂರ್ತಿ ಮುಚ್ಚಿದ ಕವಚ, ಬಾಗಿಲು ತೆಗೆದರೆ ಲೇಸರ್ ಕಡಿಯುವ ಇಂಟರ್‌ಲಾಕ್ ಇಲ್ಲದೆ ಇದನ್ನು ಮುಟ್ಟಲೇಬಾರದು.

ಮೊದಲು ಅಗ್ಗದ ದಾರಿಗಳನ್ನು ನೋಡಿ. ರಫಿಂಗ್‌ಗೆ, ಅಂದರೆ ಮೊದಲ ಒರಟು ಕಟಿಂಗ್‌ಗೆ, ದುಂಡು ಸೆರಾಮಿಕ್ ಇನ್ಸರ್ಟ್ ಹಾಕಿ. ಕಾರ್ಬೈಡ್ ನಿಮಿಷಕ್ಕೆ 30-60 ಮೀಟರ್‌ನಲ್ಲಿ ಓಡುವ ಕಡೆ ಸೈಯಲಾನ್ ಅಥವಾ ವಿಸ್ಕರ್ (ಸೂಕ್ಷ್ಮ ನಾರಿನಂಥ ಹರಳು ಬೆರೆಸಿದ) ಸೆರಾಮಿಕ್ 200 ದಾಟಿ ಓಡುತ್ತದೆ, ಮಷಿನ್ ಮತ್ತು ಹಿಡಿತ ಗಟ್ಟಿಯಾಗಿದ್ದರೆ. ಫಿನಿಶಿಂಗ್‌ಗೆ ಕಾರ್ಬೈಡ್ ಇರಲಿ, 70 ಬಾರ್ ಕೂಲೆಂಟ್ ನೇರ ತುದಿಗೆ ಬೀಳಲಿ. ನಾಚ್ ಬೀಳುವುದು ಹಿಂದಿನ ಪಾಸ್ ಗಟ್ಟಿಮಾಡಿದ ಪದರ ಒಂದೇ ಜಾಗದಲ್ಲಿ ಉಜ್ಜುವುದರಿಂದ. ಪ್ರತಿ ಪಾಸ್‌ಗೂ ಡೆಪ್ತ್ ಆಫ್ ಕಟ್ (ಕತ್ತರಿಸುವ ಆಳ) ಸ್ವಲ್ಪ ಬದಲಿಸಿ. ಫೀಡ್ (ಟೂಲ್ ಮುಂದೆ ಸರಿಯುವುದು) ನಿಲ್ಲಿಸಿ ಟೂಲ್ ಸುಮ್ನೆ ಉಜ್ಜಲು ಬಿಡಬೇಡಿ.

ಲೇಸರ್ ನಿಜವಾಗಿ ಗೆಲ್ಲುವುದು ಜಾಬ್ ಸ್ವತಃ ಸಿಲಿಕಾನ್ ನೈಟ್ರೈಡ್‌ನಂಥ ಸೆರಾಮಿಕ್ ಆಗಿದ್ದಾಗ. ತಣ್ಣಗಿದ್ದಾಗ ಅದನ್ನು ವಜ್ರದ ಚಕ್ರದಿಂದ ನಿಧಾನವಾಗಿ ಗ್ರೈಂಡ್ ಮಾಡಬೇಕು. 1000 ಡಿಗ್ರಿ ದಾಟಿದರೆ ಹರಳುಗಳ ನಡುವಿನ ಗಾಜಿನಂಥ ಅಂಶ ಮೆತ್ತಗಾಗಿ, ಟೂಲ್‌ನಿಂದ ಟರ್ನ್ ಮಾಡಲು ಬರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇದನ್ನು ಮಾಡಿ ತೋರಿಸಿದ್ದಾರೆ.

ನಿಮ್ಮ ರಿಂಗ್‌ಗಳು ವಿಮಾನ ಎಂಜಿನ್‌ಗೆ ಹೋಗುವುದಾದರೆ ಇನ್ನೊಂದು ವಿಷಯ. ಸೆರಾಮಿಕ್ ಇನ್ಸರ್ಟ್‌ಗೆ ಬದಲಾಯಿಸುವ ಮೊದಲೂ ಗ್ರಾಹಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒಪ್ಪಿದ ಪ್ರಕ್ರಿಯೆ ಬದಲಾಗಿದೆ ಎಂದು ಆಮೇಲೆ ಗೊತ್ತಾದರೆ, ಅಳತೆ ಸರಿಯಿದ್ದರೂ ಇಡೀ ಲಾಟ್ ವಾಪಸ್ ಬರಬಹುದು.