ಉಡುಪಿಯಿಂದ ಬಂದ ‘ಮಾ’ ಲೇಖನಕ್ಕೆ ಉತ್ತರ

ಪ್ರಿಯ ಲೇಖಕರೇ,

ಹದಿನಾಲ್ಕು ಭಾಷೆಗಳಲ್ಲಿ ‘ಮಾ’ ಅಂದರೆ ಏನು ಅಂತ ಪಟ್ಟಿ ಮಾಡಿದ ನಿಮ್ಮ ಲೇಖನ ‘ಮಾ ಎಂಬ ವಿಶ್ವಭಾಷೆ’ ಓದಿದೆ. ವಿಷಯ ಚೆನ್ನಾಗಿದೆ, ಬರವಣಿಗೆ ಸರಾಗವಾಗಿದೆ, ಕಾಗುಣಿತದ ತಪ್ಪುಗಳಿಲ್ಲ. ಆದರೆ ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ‘ಸ್ಥಳಾವಕಾಶವಿಲ್ಲ’ ಅಂತ ಸುಮ್ನೆ ಒಂದು ಸಾಲು ಬರೆದು ಕಳಿಸಬಹುದಿತ್ತು. ನಿಮ್ಮ ಲೇಖನ ಸಿಟ್ಟು ತರಿಸಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು: “ಜಗತ್ತಿನ ಯಾವ ಭಾಷೆಗೇ ಹೋಗಿ, ಮಕಾರದಲ್ಲಿ ತಾಯಿ ಇದ್ದಾಳೆ, ಪಕಾರದಲ್ಲಿ ತಂದೆ.” ಓದಿ ಮುಗಿಸಿದ ಮೇಲೆ ನಿಮ್ಮ ವಿಳಾಸ ನೋಡಿದೆ. ಉಡುಪಿ! ಗೇಟು ದಾಟಿದರೆ ತುಳು ಕಿವಿಗೆ ಬೀಳುವ ಊರು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ನಿಮ್ಮ ಮಾತು ನಿಮ್ಮ ಬೀದಿಯಲ್ಲೇ ಬಿದ್ದುಹೋಯಿತು, ಅಲ್ವಾ? ದೂರದ ಸಾಕ್ಷಿಯೇ ಬೇಕೆಂದರೆ ಜಾರ್ಜಿಯಾ ದೇಶದ ಭಾಷೆ ನೋಡಿ. ಅಲ್ಲಿ ಮಾಮಾ ಅಂದರೆ ತಂದೆ, ತಾಯಿಗೆ ದೇದಾ ಅನ್ನುತ್ತಾರೆ. ಹಿಂದಿಯ ಮಾಮಾ ಸೋದರಮಾವ ಅನ್ನುವುದು ನಿಮಗೂ ಗೊತ್ತು.

ಅದಾದ ಮೇಲೆ ಬರೆಯುತ್ತೀರಿ: “ಇದರಿಂದ ಎಲ್ಲ ಭಾಷೆಗೂ ಒಂದೇ ಮೂಲ ಎಂದು ತಿಳಿಯುತ್ತದೆ.” ಏನೂ ತಿಳಿಯುವುದಿಲ್ಲ. ಎಷ್ಟೋ ಭಾಷೆಗಳಲ್ಲಿ ತಾಯಿಗೆ ಮಕಾರ ಬರುವುದು ನಿಜ, ಅದಕ್ಕೆ ರೋಮನ್ ಯಾಕಬ್ಸನ್ ಎಂಬ ಭಾಷಾಶಾಸ್ತ್ರಜ್ಞ ಸರಳವಾದ ಕಾರಣ ಕೊಟ್ಟಿದ್ದಾರೆ. ಮಗು ಹಾಲು ಕುಡಿಯುವಾಗ ಬಾಯಿ ತುಂಬಿರುತ್ತದೆ. ಆಗ ಹೊರಡುವ ಗುನುಗು ಮೂಗಿನಿಂದಲೇ ಹೊರಡಬೇಕು. ಆ ‘ಮ್’ ಮಗುವಿನದು. ಅದಕ್ಕೆ ಯಾವ ಅರ್ಥ ಅಂಟಿಸಬೇಕು ಅನ್ನುವುದು ದೊಡ್ಡವರ ಕೆಲಸ. ನಮ್ಮ ಮನೆಗಳಲ್ಲಿ ಮಮ್ಮು ಅಂದರೆ ಊಟ. ಜಪಾನಿನ ಮಕ್ಕಳ ಮಾತಿನಲ್ಲೂ ‘ಮಮ್ಮ’ ಊಟವೇ. ಹಾಗಂತ ನಾವೂ ಜಪಾನಿನವರೂ ನೆಂಟರು ಅನ್ನೋಣವಾ?

ನಾನು ಕೆಲಸ ಕಲಿತದ್ದು ಮಂಗಳೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ. ಮೈಸೂರು ಕಡೆಯವನು, ತುಳು ಒಂದಕ್ಷರ ಬಾರದು. ಮದುವೆ ಕಾಗದದ ಕರಡು ತಿದ್ದಲು ಕೂರಿಸಿದರು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ ಹೇಳಿದರು: “ಮಾರಾಯ್ರೆ, ಯಾರಾದ್ರೂ ಬಂದು ಅಮ್ಮೆರ್ ಅಂತ ಹೆಸರು ಹೇಳಿದ್ರೆ ತಾಯಿ ಅಂತ ಬರ್ಕೊಳ್ಬೇಡಿ. ಮದುವೆ ನಿಲ್ತದೆ.” ಅವರ ಜೊತೆ ಕರಡು ನೋಡುವುದೇ ಒಂದು ಪಾಠ. ಅವರು ಮೂಲ ಪ್ರತಿ ಹಿಡಿದು ಜೋರಾಗಿ ಓದುತ್ತಿದ್ದರು: ದೀರ್ಘ, ಸೊನ್ನೆ, ಒತ್ತು, ಒಂದೂ ಬಿಡದೆ. ನಾನು ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಕಣ್ಣಿಗೆ ಒಂದೇ ಥರ ಕಂಡದ್ದು ಕಿವಿಗೆ ಬೇರೆ ಅಂತ ಗೊತ್ತಾಗುತ್ತಿದ್ದುದು ಆಗಲೇ.

ನಿಮ್ಮ ಎರಡನೇ ತೊಂದರೆ ಇಲ್ಲೇ ಇರುವುದು. “ಚೀನೀ ಭಾಷೆಯಲ್ಲಿ ಮಾ ಎಂದರೆ ತಾಯಿ, ಸೆಣಬು, ಕುದುರೆ, ಬೈಗುಳ ಎಲ್ಲವೂ. ಪಾಪ, ಅವರಿಗೆ ಎಷ್ಟು ಗೊಂದಲವೋ!” ಈ ‘ಪಾಪ’ ನನಗೆ ಸಹಿಸಲಾಗಲಿಲ್ಲ. ಅವರಿಗೆ ಗೊಂದಲವೇ ಇಲ್ಲ. ದನಿ ಎತ್ತರದಲ್ಲಿ ಸಮನಾಗಿ ನಿಂತರೆ ತಾಯಿ. ಕೆಳಗಿನಿಂದ ಮೇಲೇರಿದರೆ ಸೆಣಬು. ಇಳಿದು ಮತ್ತೆ ಎದ್ದರೆ ಕುದುರೆ. ಧಡಕ್ಕನೆ ಇಳಿದರೆ ಬೈಯುವುದು. ಅವರ ಕಿವಿಗೆ ಇವು ನಾಲ್ಕು ಬೇರೆ ಬೇರೆ ಮಾತು. ನಮ್ಮ ಕಲ್ಲು, ಕಳ್ಳು ಕೂಡ ಇಂಗ್ಲಿಷಿನವರ ಕಿವಿಗೆ ಒಂದೇ. ಕಲ್ಲು ತರಲು ಹೇಳಿದಾಗ ಯಾರಾದರೂ ಕಳ್ಳು ತಂದುಕೊಟ್ಟಿದ್ದಾರಾ?

“ಹಿಂದಿಯಲ್ಲಿ ಮಾ ಎಂದರೆ ತಾಯಿ.” ಅದು ಮಾಂ. ಮೂಗು ಎಲ್ಲಿ ಹೋಯಿತು? “ಅರಬ್ಬಿಯಲ್ಲಿ ಮಾ ಎಂದರೆ ನೀರು.” ನೀರಿನ ಮಾ ಕೊನೆಯಲ್ಲಿ ಗಂಟಲಲ್ಲಿ ತಡೆದು ನಿಲ್ಲುತ್ತದೆ. ತಡೆಯದ ಮಾ ‘ಏನು’ ಆಗುತ್ತದೆ, ಇಲ್ಲವೇ ‘ಇಲ್ಲ’ ಅನ್ನುವ ಮಾತಾಗುತ್ತದೆ. ನೀವು ಎಲ್ಲವನ್ನೂ ಇಂಗ್ಲಿಷಿನ ಎಮ್ಮು, ಎ ಅಂತ ಪರದೆಯ ಮೇಲೆ ನೋಡಿ, ಎಲ್ಲಕ್ಕೂ ಒಂದೇ ‘ಮಾ’ ಬರೆದಿದ್ದೀರಿ ಅಂತ ನನ್ನ ಅನುಮಾನ. ದೀರ್ಘ, ಸೊನ್ನೆ ಎರಡೂ ಇರುವ ಲಿಪಿ ಕೈಯಲ್ಲೇ ಇಟ್ಟುಕೊಂಡು ಹೀಗೆ ಮಾಡಬಹುದಾ?

“ತೆಲುಗಿನಲ್ಲಿ ಮಾ ಎಂದರೆ ನಮ್ಮ.” ಅರ್ಧ ಸರಿ. ಮಾ ಊರು ಅಂದರೆ ನಮ್ಮೂರು, ಆದರೆ ಕೇಳುತ್ತಿರುವ ನೀನು ಆ ಊರಿನವನಲ್ಲ. ನೀನೂ ಸೇರಿದರೆ ಅದು ಮನ ಊರು. ಕನ್ನಡದಲ್ಲಿ ಎರಡಕ್ಕೂ ‘ನಮ್ಮ’ ಅಂದು ಮುಗಿಸುತ್ತೇವೆ. ಬಳ್ಳಾರಿ, ಕೋಲಾರದ ಕಡೆ ಎರಡೂ ಭಾಷೆ ಆಡುವವರು ದಿನಾ ಈ ಗೆರೆ ದಾಟುತ್ತಿರುತ್ತಾರೆ. ಇದೊಂದನ್ನೇ ಹಿಡಿದು ಒಂದು ಪುಟ ಬರೆಯಬಹುದಿತ್ತು. ನೀವು ನಾಲ್ಕು ಪದ ಬರೆದು ಹಂಗೇರಿಗೆ ಹಾರಿದಿರಿ. ಸಂಸ್ಕೃತಕ್ಕೂ ಅದೇ ಗತಿ: “ಮಾ ಎಂದರೆ ಬೇಡ”, ಪೂರ್ಣವಿರಾಮ. ವಾಲ್ಮೀಕಿಯ ಬಾಯಿಂದ ಹೊರಟ ಮೊದಲ ಶ್ಲೋಕ ‘ಮಾ ನಿಷಾದ’ ಅಂತಲೇ ಶುರುವಾಗುವುದು. ಅದು ನಿಮಗೆ ನೆನಪಾಗಲೇ ಇಲ್ಲವೇ?

ಹಂಗೇರಿಯನ್ನಿನಲ್ಲಿ ಮಾ ಅಂದರೆ ಇವತ್ತು, ಇಟಾಲಿಯನ್ನಿನಲ್ಲಿ ‘ಆದರೆ’. ಎರಡೂ ಸರಿಯೇ. ಸರಿಯಿದ್ದರೂ ತೆಗೆಯಿರಿ. ಪಟ್ಟಿ ಓದಲು ಯಾರೂ ನಮ್ಮ ಪತ್ರಿಕೆ ಕೊಳ್ಳುವುದಿಲ್ಲ.

ಮತ್ತೆ ಬರೆಯುವುದಾದರೆ ಅಮ್ಮೆಯಿಂದ ಶುರು ಮಾಡಿ. ನಿಮ್ಮ ಮನೆಯಲ್ಲಿ ತುಳು ಇಲ್ಲದಿದ್ದರೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ಈಗಿನ ಮಕ್ಕಳು ತಂದೆಯನ್ನು ಏನಂತ ಕರೆಯುತ್ತಾರೆ, ಅಮ್ಮೆ ಅನ್ನುವುದು ಯಾರ ಬಾಯಲ್ಲಿ ಉಳಿದಿದೆ, ಅದನ್ನೂ ವಿಚಾರಿಸಿ. ಭಾಷೆ ಹದಿನಾಲ್ಕು ಬೇಡ, ನಾಲ್ಕು ಸಾಕು. ಶೀರ್ಷಿಕೆಯಲ್ಲಿ ‘ವಿಶ್ವ’ ಇದ್ದರೆ ನಾನೇ ಹೊಡೆದುಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇತಿ,
ಸಂಪಾದಕ