ಗೇಮ್‌ನಲ್ಲಿ ಅಮ್ಮಂಗೆ 41 ಮಾರ್ಕ್ಸ್, ಮರೆವು ಶುರುವಾಯ್ತಾ?

ಪ್ರಶ್ನೆ: ನಮ್ಮಮ್ಮಂಗೆ 72 ವರ್ಷ, ಮೈಸೂರಲ್ಲಿದ್ದಾರೆ. ಹೋದ ತಿಂಗಳು ಬಚ್ಚಲುಮನೆ ಹತ್ರ ಜಾರಿಬಿದ್ರು, ಪುಣ್ಯಕ್ಕೆ ಪೆಟ್ಟೇನೂ ಆಗ್ಲಿಲ್ಲ. ಒಂದು ಫಿಸಿಯೋ ಸೆಂಟರ್‌ಗೆ ಕರ್ಕೊಂಡು ಹೋದ್ವಿ, ಟಿವಿ ಮುಂದೆ ನಿಲ್ಸಿ ಕ್ಯಾಮೆರಾ ಇಟ್ಟು ಗೇಮ್ ಆಡ್ಸಿದ್ರು. ಕೆಂಪು ಬಲೂನ್ ಬಂದ್ರೆ ಕೈ ಚಾಚ್ಬೇಕು, ನೀಲಿ ಬಂದ್ರೆ ಸುಮ್ನಿರ್ಬೇಕು. ಆಮೇಲೆ 100ಕ್ಕೆ 41 ಅಂತ ರಿಪೋರ್ಟ್ ಕೊಟ್ಟು, ಬ್ಯಾಲೆನ್ಸೂ ವೀಕು ಬ್ರೇನೂ ಸ್ಲೋ ಅಂದ್ಬಿಟ್ರು. ಅವತ್ತಿಂದ ಅಮ್ಮ ಮಂಕಾಗಿ ಕೂತಿದ್ದಾರೆ. ಇದನ್ನ ನಂಬಬಹುದಾ?

ಉತ್ತರ: ಮೊದ್ಲು ಇದು ಹೇಳಿ, ಅವತ್ತು ಅಮ್ಮ ಸೀರೆ ಉಟ್ಕೊಂಡಿದ್ರಾ? ತಮಾಷೆಗೆ ಕೇಳ್ತಿಲ್ಲ. ಇಂಥ ಕ್ಯಾಮೆರಾಗಳಲ್ಲಿ ಹೆಸರು ಮಾಡಿದ್ದು ಕೈನೆಕ್ಟ್, 2010ರಲ್ಲಿ ಎಕ್ಸ್‌ಬಾಕ್ಸ್ ಅನ್ನೋ ಟಿವಿ ಗೇಮ್ ಯಂತ್ರದ ಜೊತೆ ಆಟದ ಸಾಮಾನಾಗಿ ಬಂದಿದ್ದು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಎದುರಿಗಿರೋರು ಎಷ್ಟು ದೂರ ಅಂತ ಅಳೆದು, ಸೆಕೆಂಡಿಗೆ ಸುಮಾರು 30 ಸಲ ಮೈಯಲ್ಲಿ 20 ಜಾಗ ಗುರುತಿಸೋದು, 2013ರದ್ದು 25 ಜಾಗ. ಭುಜ, ಮೊಣಕೈ ಎಲ್ಲಾ ಚೆನ್ನಾಗೇ ಹಿಡಿಯುತ್ತೆ, ಆದ್ರೆ ನೆರಿಗೆ ಒಳಗಿರೋ ಮಂಡಿ ಎಲ್ಲಿದೆ ಅಂತ ಅದು ಅಂದಾಜು ಮಾಡ್ಬೇಕು ಅಷ್ಟೆ. ಪ್ಯಾಂಟ್ ಹಾಕಿದ್ರೂ ಪಾದ, ಕಣಕಾಲು ಅದಕ್ಕೆ ಕಷ್ಟಾನೇ. ಕಿಟಕಿಯಿಂದ ಬಿಸಿಲು ಬಿದ್ರೆ ಇನ್ನೂ ಗೊಂದಲ. ಎಕ್ಸ್‌ಬಾಕ್ಸ್‌ನ ಈ ಕೈನೆಕ್ಟ್ ತಯಾರಿಸೋದು 2017ಕ್ಕೇ ನಿಂತೋಯ್ತು, ಈಗ ಮಾಮೂಲಿ ಕ್ಯಾಮೆರಾನೇ ಸಾಫ್ಟ್‌ವೇರ್ ಹಾಕ್ಕೊಂಡು ಈ ಕೆಲಸ ಮಾಡುತ್ತೆ, ಅದಕ್ಕೂ ಸೀರೆ ಸೀರೆನೇ. ಸುಮ್ನೆ ನಿಂತಾಗ ಎಷ್ಟು ತೂಗಾಡ್ತಾರೆ ಅಂತ ನೋಡೋಕೆ ನಂಗಂತೂ ಕಾಲಡಿ ಇಡೋ ಹಲಗೆ ಮೇಲೇ ನಂಬಿಕೆ ಜಾಸ್ತಿ, ನಾಲ್ಕು ಮೂಲೆಯಲ್ಲೂ ತೂಕದ ಸೆನ್ಸರ್ ಇರುತ್ತೆ, ನೀವು ಏನು ಉಟ್ಟಿದ್ದೀರ ಅನ್ನೋದು ಅದಕ್ಕೆ ಬೇಕಾಗಿಲ್ಲ.

ಹಾಗಂತ ಗೇಮೇ ಸುಳ್ಳು ಅಂತಲ್ಲ. ನಡೆಯೋದು ಬರೀ ಕಾಲಿನ ಕೆಲಸ ಅಲ್ಲ, ತಲೆ ಕೆಲಸಾನೂ ಹೌದು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಸಣ್ಣ ವಿಷ್ಯ ಗಮನಿಸಿದ್ರು, ಜೊತೇಲಿ ನಡೀತಾ ಮಾತಾಡ್ಸಿದ್ರೆ ಉತ್ತರ ಕೊಡೋಕೆ ನಿಂತ್ಬಿಡೋ ವಯಸ್ಸಾದವರು ಮುಂದಿನ ಆರು ತಿಂಗಳಲ್ಲಿ ಬಿದ್ದಿದ್ದು ಜಾಸ್ತಿ. ನೀಲಿ ಬಲೂನಿಗೆ ಕೈ ತಡೆಯೋ ಆಟದ ಹಿಂದೆ ಇರೋದೂ ಅದೇ ಯೋಚನೆ, ಐಡಿಯಾ ಚೆನ್ನಾಗಿದೆ. ಆದ್ರೆ ಬರೀ ನಿಂತಾಗ ಹೇಗಿದ್ರು, ಕೂತು ಬಣ್ಣ ಗುರುತಿಸಿದಾಗ ಹೇಗೆ, ಎರಡೂ ಒಟ್ಟಿಗೆ ಮಾಡಿದಾಗ ಎಷ್ಟು ಕೆಳಗಿಳಿದ್ರು ಅಂತ ಬೇರೆ ಬೇರೆ ಹೇಳ್ಬೇಕು, ಆ ಇಳಿಕೆನೇ ನಮಗೆ ಬೇಕಾಗಿರೋದು. ನಿಮಗೆ ಕೊಟ್ಟಿರೋ 41ರಲ್ಲಿ ಭುಜದ ನೋವು, ಕಣ್ಣಿನ ಪೊರೆ, ಜನ್ಮದಲ್ಲಿ ಗೇಮ್ ಆಡದೇ ಇರೋದು, ಅಪರಿಚಿತರ ಮುಂದೆ ಕೈ ಬೀಸೋಕೆ ಸಂಕೋಚ, ಎಲ್ಲಾ ಸೇರಿ ಚಿತ್ರಾನ್ನ ಆಗಿರಬಹುದು. ಎರಡನೇ ಸಲ ಆಡಿದ್ರೆ ರೂಢಿ ಆಗೇ ಮಾರ್ಕ್ಸ್ ಏರುತ್ತೆ, ಅದನ್ನ ನೋಡಿ ಟ್ರೀಟ್‌ಮೆಂಟ್ ಕೆಲಸ ಮಾಡ್ತು ಅಂತಲೂ ಕುಣಿಯಬೇಡಿ.

ಮನೇಲಿ ಒಂದು ಮಾಡಿ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಎದ್ದು, 3 ಮೀಟರ್ ಮಾಮೂಲಿ ನಡಿಗೇಲಿ ಹೋಗಿ, ತಿರುಗಿ ಬಂದು ಕೂರ್ಲಿ, ನೀವು ಪಕ್ಕದಲ್ಲೇ ಇರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಆಮೇಲೆ ಅದನ್ನೇ ತರಕಾರಿ ಹೆಸರು ಹೇಳ್ತಾ ಮಾಡ್ಲಿ. 100ರಿಂದ ಮೂರು ಮೂರು ಕಳೀತಾ ಬನ್ನಿ ಅಂತಾರೆ ಸುಮಾರು ಕಡೆ, ಶಾಲೆ ಮುಖ ನೋಡದವರಿಗೆ ಅದು ಬ್ಯಾಲೆನ್ಸ್ ಟೆಸ್ಟ್ ಅಲ್ಲ, ಗಣಿತದ ಪರೀಕ್ಷೆ. ಮಧ್ಯದಲ್ಲಿ ನಿಂತ್ರೆ ಅಥವಾ ತುಂಬಾ ನಿಧಾನ ಆದ್ರೆ ಬರೆದಿಟ್ಕೊಂಡು ಡಾಕ್ಟ್ರಿಗೆ ತೋರ್ಸಿ.

ಮರೆವಿನ ಮಾತು ಬಂದ್ರೆ, ಅದನ್ನ ಬಲೂನ್ ಹೇಳಲ್ಲ. ಅದಕ್ಕೆ ನೆನಪು, ಗಮನ ಎಲ್ಲಾ ಅಳೆಯೋ 30 ಅಂಕದ ಮೋಕಾ ಥರದ ಪರೀಕ್ಷೆ ಕನ್ನಡದಲ್ಲೇ ಇದೆ, ಅದರ ಮೇಲೂ ಬಿ12, ಥೈರಾಯ್ಡ್, ಕಿವಿ, ಮನಸ್ಸಿನ ಬೇಜಾರು ಎಲ್ಲಾ ನೋಡೇ ಡಾಕ್ಟ್ರು ಮಾತಾಡ್ತಾರೆ.

ನಂಗೆ ಮಾರ್ಕ್ಸ್‌ಗಿಂತ ಆ ಜಾರಿದ್ದೇ ಜಾಸ್ತಿ ಚಿಂತೆ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೋತಾರಾ? ಮಲಗಿದ್ದಾಗ ಒಂದ್ಸಲ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಂದ್ಸಲ ಬಿಪಿ ನೋಡ್ಸಿ, ಮೇಲಿನ ಅಂಕಿ 20 ಇಳಿದ್ರೆ ಮಾತ್ರೆ ನೀವೇ ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಹೇಳಿ. ಜಾರಿದ್ದು ಹಗಲಲ್ಲಾ, ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಹೋಗುವಾಗ್ಲಾ ಅಂತ ನೀವು ಬರೆದಿಲ್ಲ, ಅವರು ಮೊದ್ಲು ಕೇಳೋದು ಅದನ್ನೇ.